ಸೀಮೆಸುಣ್ಣ ಮತ್ತು ‘ಅಷ್ಟೇ’ ಎಂಬ ಪದ

ಏಳನೇ ತರಗತಿಯವರೆಗೆ ನಾನು ಓದಿದ್ದು ಉರ್ದು ಶಾಲೆಯಲ್ಲಿ. ಪತ್ರ ಬರೆಯುವ ಪಾಠದ ದಿನ ನಮ್ಮ ಉಸ್ತಾದರು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಒಂದು ಮಾದರಿ ಪತ್ರ ಬರೆಯುತ್ತಿದ್ದರು. ಮೇಲೆ ಸಲಾಂ, ನಡುವೆ ಕ್ಷೇಮ ಸಮಾಚಾರ, ಕೊನೆಯಲ್ಲಿ ಒಂಟಿಯಾಗಿ ನಿಂತ ಒಂದು ಪದ: ‘ಫಖತ್’. ಇಷ್ಟೇ, ಇನ್ನೇನೂ ಇಲ್ಲ ಎಂದು ಅದರ ಅರ್ಥ. ಉತ್ತರ ಕರ್ನಾಟಕದ ಕನ್ನಡದಲ್ಲಿ ಇದೇ ಪದ ‘ಫಕ್ತ’ ಎಂದಾಗಿದೆ. ‘ಫಖತ್ ಬರೆದ ಮೇಲೆ ಒಂದಕ್ಷರವನ್ನೂ ಸೇರಿಸಬಾರದು. ಸೇರಿಸಬೇಕು ಅನ್ನಿಸಿದರೆ ಫಖತ್ ಬರೆಯಲು ಅವಸರ ಮಾಡಿದಿರಿ ಎಂದರ್ಥ’ ಎಂದು ಉಸ್ತಾದರು ಎಚ್ಚರಿಸುತ್ತಿದ್ದರು.

ಸ್ಟೀವನ್ ವೈನ್‌ಬರ್ಗ್ ಅವರ ‘ಡ್ರೀಮ್ಸ್ ಆಫ್ ಎ ಫೈನಲ್ ಥಿಯರಿ’ (1992) ಪುಸ್ತಕವನ್ನು ಈಚೆಗೆ ಮತ್ತೊಮ್ಮೆ ಓದುವಾಗ ಉಸ್ತಾದರ ಮಾತು ನೆನಪಾಯಿತು. 2021ರಲ್ಲಿ ತೀರಿಕೊಂಡ ವೈನ್‌ಬರ್ಗ್ ಕಳೆದ ಶತಮಾನದ ದೊಡ್ಡ ಭೌತವಿಜ್ಞಾನಿಗಳಲ್ಲಿ ಒಬ್ಬರು. ಈ ಪುಸ್ತಕವನ್ನು ಅವರು ನಮ್ಮಂಥ ಸಾಮಾನ್ಯ ಓದುಗರಿಗಾಗಿಯೇ ಬರೆದಿದ್ದಾರೆ. ಹಾಗಾಗಿ ಕತೆ ಬರೆಯುವ ನನ್ನಂಥವನು ಇದರ ಬಗ್ಗೆ ನಾಲ್ಕು ಮಾತಾಡಿದರೆ ತಪ್ಪಾಗಲಾರದು. ವಿಜ್ಞಾನಗಳೆಲ್ಲ ಕೊನೆಗೆ ಒಂದೇ ಆಗುತ್ತವೆಯೇ? ಒಂದು ಶಾಸ್ತ್ರದ ನಿಯಮಗಳನ್ನು ಅದಕ್ಕಿಂತ ಆಳದ ಇನ್ನೊಂದು ಶಾಸ್ತ್ರದ ನಿಯಮಗಳಿಗೆ ಇಳಿಸಿಬಿಡಬಹುದೇ? ಪುಸ್ತಕದ ಹೃದಯದಲ್ಲಿರುವುದು ಈ ಪ್ರಶ್ನೆ. ಪಂಡಿತರು ‘ರಿಡಕ್ಷನ್’ ಎಂದು ಕರೆಯುವುದನ್ನು ನಾನಿಲ್ಲಿ ‘ಇಳಿಸುವುದು’ ಎಂದೇ ಕರೆಯುತ್ತೇನೆ.

ವೈನ್‌ಬರ್ಗ್ ಮಾತು ಆರಂಭಿಸುವುದು ಒಂದು ಸೀಮೆಸುಣ್ಣದಿಂದ. 1868ರಲ್ಲಿ ಥಾಮಸ್ ಹಕ್ಸ್‌ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಕಾರ್ಮಿಕರ ಮುಂದೆ ಸೀಮೆಸುಣ್ಣದ ಮೇಲೆ ಒಂದು ಪ್ರಸಿದ್ಧ ಉಪನ್ಯಾಸ ಕೊಟ್ಟಿದ್ದರು. ವೈನ್‌ಬರ್ಗ್ ಅದನ್ನು ನೆನೆದು ಮಗುವಿನಂತೆ ಕೇಳುತ್ತಾರೆ: ಸೀಮೆಸುಣ್ಣ ಯಾಕೆ ಬಿಳಿ? ಕಣ್ಣಿಗೆ ಕಾಣುವ ಬೆಳಕಿನ ಯಾವ ಬಣ್ಣವನ್ನೂ ಅದು ಹೆಚ್ಚಾಗಿ ಹೀರಿಕೊಳ್ಳುವುದಿಲ್ಲವಾದ್ದರಿಂದ. ಅದು ಯಾಕೆ ಹೀಗೆ? ಅದರ ಅಣುಗಳಲ್ಲಿರುವ ಎಲೆಕ್ಟ್ರಾನುಗಳ ಶಕ್ತಿಯ ಮಟ್ಟಗಳು ಹಾಗಿರುವುದರಿಂದ. ಅವು ಯಾಕೆ ಹಾಗೆ? ಕ್ವಾಂಟಂ ನಿಯಮಗಳಿಂದ. ಹೀಗೆ ‘ಯಾಕೆ’ ಎಂದು ಕೇಳುತ್ತ ಹೋದರೆ ರಸಾಯನಶಾಸ್ತ್ರದಿಂದ ಪರಮಾಣುವಿಗೆ, ಪರಮಾಣುವಿನಿಂದ ನ್ಯೂಕ್ಲಿಯಸ್ಸಿಗೆ, ಅಲ್ಲಿಂದ ಕ್ವಾರ್ಕುಗಳಿಗೆ ಇಳಿಯುತ್ತೇವೆ. ವಿವರಣೆಯ ಬಾಣಗಳನ್ನೆಲ್ಲ ಹಿಂದಕ್ಕೆ ಹಿಂಬಾಲಿಸಿದರೆ ಎಲ್ಲವೂ ಒಂದೇ ಬೇರಿನ ಕಡೆಗೆ ಹೋಗುತ್ತವೆ; ಆ ಬೇರೇ ಅಂತಿಮ ಸಿದ್ಧಾಂತ. ಅದು ಇನ್ನೂ ಸಿಕ್ಕಿಲ್ಲ, ಆದರೆ ಸಿಗುತ್ತದೆ. ಇದು ಅವರ ವಾದದ ತಿರುಳು.

ಈ ವಾದವನ್ನು ಅಹಂಕಾರ ಎಂದು ತಳ್ಳಿಹಾಕುವವರು ನಮ್ಮಲ್ಲಿ ಬಹಳ ಜನ ಇದ್ದಾರೆ, ಅದರಲ್ಲೂ ಸಾಹಿತಿಗಳಲ್ಲಿ. ಅದು ಅನ್ಯಾಯ. ಇಳಿಸುವ ಕೆಲಸ ಎಷ್ಟು ಫಲ ಕೊಟ್ಟಿದೆ ಎನ್ನುವುದಕ್ಕೆ ನಮ್ಮ ಹೆಣ್ಣುಮಕ್ಕಳ ಕೈಬಳೆಯೇ ಸಾಕ್ಷಿ. ಚಿನ್ನ ಯಾಕೆ ಹಳದಿ? ಬೆಳ್ಳಿಯ ಹಾಗೆ ಯಾಕೆ ಬೆಳ್ಳಗಿಲ್ಲ? ಚಿನ್ನದ ನ್ಯೂಕ್ಲಿಯಸ್ಸಿನಲ್ಲಿ 79 ಪ್ರೋಟಾನುಗಳಿವೆ. ಅವುಗಳ ಸೆಳೆತದಲ್ಲಿ ಒಳಗಿನ ಎಲೆಕ್ಟ್ರಾನುಗಳು ಬೆಳಕಿನ ವೇಗದ ಅರ್ಧಕ್ಕಿಂತ ಹೆಚ್ಚು ವೇಗದಲ್ಲಿ ಚಲಿಸುತ್ತವೆ. ಅಷ್ಟು ವೇಗದಲ್ಲಿ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಪರಿಣಾಮ ಕಾಣಿಸಿಕೊಳ್ಳುತ್ತದೆ. ಹೊರಗಿನ ಎಲೆಕ್ಟ್ರಾನುಗಳ ಶಕ್ತಿಯ ಮಟ್ಟಗಳೂ ಬದಲಾಗಿ, ಚಿನ್ನ ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ. ಉಳಿದ ಬೆಳಕು ನಮ್ಮ ಕಣ್ಣಿಗೆ ಹಳದಿ. ಅಕ್ಕಸಾಲಿಗನ ಅಂಗಡಿಯ ಬಣ್ಣವೂ ಐನ್‌ಸ್ಟೈನರ ಸಮೀಕರಣವೂ ಒಂದೇ ದಾರದಲ್ಲಿ ಪೋಣಿಸಲ್ಪಟ್ಟಿವೆ ಎನ್ನುವುದು ಸಣ್ಣ ಮಾತಲ್ಲ. ಇದನ್ನು ತಿಳಿದ ಮೇಲೆ ಬಳೆಯ ಚೆಲುವು ನನಗಂತೂ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ನನ್ನ ತಕರಾರು ಇಳಿಸುವುದರ ಬಗ್ಗೆ ಅಲ್ಲ, ಇಳಿಸಿದ ಮೇಲೆ ನಾವು ಸದ್ದಿಲ್ಲದೆ ಸೇರಿಸುವ ‘ಅಷ್ಟೇ’ ಎಂಬ ಪದದ ಬಗ್ಗೆ. ಪಂಡಿತರ ಅಚ್ಚುಮೆಚ್ಚಿನ ಉದಾಹರಣೆಯನ್ನೇ ನೋಡೋಣ. ಅಮೆರಿಕದ ತತ್ವಜ್ಞಾನಿ ಅರ್ನೆಸ್ಟ್ ನೇಗಲ್ 1961ರ ತಮ್ಮ ‘ದ ಸ್ಟ್ರಕ್ಚರ್ ಆಫ್ ಸೈನ್ಸ್’ ಗ್ರಂಥದಲ್ಲಿ ಒಂದು ಸಿದ್ಧಾಂತವನ್ನು ಇನ್ನೊಂದಕ್ಕೆ ಇಳಿಸುವುದೆಂದರೆ ಏನು ಎಂಬುದನ್ನು ತರ್ಕಬದ್ಧವಾಗಿ ವಿವರಿಸಿದರು. ಮೇಲಿನ ಶಾಸ್ತ್ರದ ಪದಗಳನ್ನು ಕೆಳಗಿನ ಶಾಸ್ತ್ರದ ಪದಗಳಿಗೆ ಜೋಡಿಸುವ ಸೇತುವೆಗಳು ಬೇಕು. ಆ ಸೇತುವೆಗಳ ಮೂಲಕ ಮೇಲಿನ ನಿಯಮಗಳು ಕೆಳಗಿನ ನಿಯಮಗಳಿಂದ ಲೆಕ್ಕದಂತೆ ಹೊರಬರಬೇಕು. ಅನಿಲದ ಉಷ್ಣತೆ ಎಂದರೆ ಅದರ ಅಣುಗಳ ಸರಾಸರಿ ಚಲನಶಕ್ತಿ ಎನ್ನುವುದು ಅಂಥ ಒಂದು ಸೇತುವೆ.

ಇಲ್ಲಿಯವರೆಗೆ ಸರಿ. ಆದರೆ ‘ಉಷ್ಣತೆ ಎಂದರೆ ಅಣುಗಳ ಓಡಾಟ, ಅಷ್ಟೇ’ ಎಂದರೆ? ಒಂದೇ ಒಂದು ಅಣುವಿಗೆ ಉಷ್ಣತೆ ಎಂಬುದಿಲ್ಲ. ಉಷ್ಣತೆ ಗುಂಪಿನ ಗುಣ. ಇನ್ನೊಂದು ಕಡೆ, 1965ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಎಂಬಿಬ್ಬರು ಆಕಾಶದ ಎಲ್ಲ ದಿಕ್ಕಿನಿಂದಲೂ ಬರುವ ಒಂದು ಮಂದ ವಿಕಿರಣವನ್ನು ಕಂಡುಹಿಡಿದರು. ಅದರ ಉಷ್ಣತೆ ಸುಮಾರು 2.7 ಕೆಲ್ವಿನ್. ಅಲ್ಲಿ ಓಡಾಡುವ ಅಣುಗಳಿಲ್ಲ, ಇರುವುದು ಬರಿಯ ಬೆಳಕು. ಆದರೂ ಉಷ್ಣತೆ ಇದೆ. ಅಂದರೆ ಅನಿಲದಲ್ಲಿ ಒಂದು ಬಗೆಯಾಗಿ, ಬೆಳಕಿನಲ್ಲಿ ಇನ್ನೊಂದು ಬಗೆಯಾಗಿ ಮೈದಾಳುವ ಉಷ್ಣತೆಗೆ ತನ್ನದೇ ನಿಯಮಗಳಿವೆ, ತನ್ನದೇ ಹೆಸರಿನ ಅಗತ್ಯವೂ ಇದೆ. ಇನ್ನೊಂದು ಮಾತು. ಇಳಿಸಿದಾಗ ಹಳೆಯ ನಿಯಮ ಇದ್ದ ಹಾಗೆಯೇ ಉಳಿಯುವುದೂ ಇಲ್ಲ. ಬೀಳುವ ವಸ್ತುವಿನ ವೇಗ ಒಂದೇ ದರದಲ್ಲಿ ಹೆಚ್ಚುತ್ತದೆ ಎಂದು ಗೆಲಿಲಿಯೊ ಹೇಳಿದ್ದರು. ನ್ಯೂಟನ್‌ನ ನಿಯಮದ ಪ್ರಕಾರ ಭೂಮಿಗೆ ಹತ್ತಿರವಾದಂತೆ ಆ ದರವೇ ಸ್ವಲ್ಪ ಸ್ವಲ್ಪ ಹೆಚ್ಚುತ್ತದೆ. ಆದ್ದರಿಂದ ನ್ಯೂಟನ್ ಗೆಲಿಲಿಯೊನನ್ನು ನುಂಗಲಿಲ್ಲ, ತಿದ್ದಿದ. ಶಾಸ್ತ್ರಗಳ ನಡುವಿನ ಸಂಬಂಧ ಒಡೆಯ ಮತ್ತು ಆಳಿನ ಸಂಬಂಧಕ್ಕಿಂತ ನೆರೆಹೊರೆಯವರ ಸಂಬಂಧಕ್ಕೇ ಹತ್ತಿರ.

ಇದನ್ನೆಲ್ಲ ವೈನ್‌ಬರ್ಗ್ ತಿಳಿಯದವರಲ್ಲ. ಈ ವಾದ ಬರುವ ಅಧ್ಯಾಯಕ್ಕೆ ಅವರು ಕೊಟ್ಟಿರುವ ಹೆಸರಿನಲ್ಲೇ ರಿಡಕ್ಷನ್‌ಗೆ ಮೂರು ಜೈಕಾರವಿಲ್ಲ, ಎರಡೇ. ರಸಾಯನಶಾಸ್ತ್ರಜ್ಞರು ತಮ್ಮ ಭಾಷೆಯನ್ನು ಬಿಟ್ಟುಬಿಡಬೇಕೆಂದು ಅವರು ಹೇಳುವುದಿಲ್ಲ. ತಾನು ಮಾತಾಡುತ್ತಿರುವುದು ವಿಜ್ಞಾನಿಗಳ ಕೆಲಸದ ಕ್ರಮದ ಬಗ್ಗೆ ಅಲ್ಲ, ಜಗತ್ತು ಇರುವ ರೀತಿಯ ಬಗ್ಗೆ ಎನ್ನುತ್ತಾರೆ. ಈ ಪ್ರಾಮಾಣಿಕತೆ ಪುಸ್ತಕದ ದೊಡ್ಡ ಗುಣ. ಆದರೂ ಪುಸ್ತಕ ಮುಚ್ಚುವಾಗ ಓದುಗನ ಮನಸ್ಸಿನಲ್ಲಿ ಉಳಿಯುವುದು ಬೇರಿನಲ್ಲಿ ಇರುವವರೇ ನಿಜವಾದ ಕೆಲಸಗಾರರು, ಉಳಿದವರು ಎಲೆ ಎಣಿಸುವವರು ಎಂಬ ಭಾವನೆ. ಹೀಗಾಗಲು ಕಾರಣವೇನು? ‘ಏಕತೆ’ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ವಿಚಾರಗಳು ಸೇರಿಕೊಂಡಿರುವುದೇ ಕಾರಣ ಎಂದು ನನಗನ್ನಿಸುತ್ತದೆ. ಅದನ್ನು ಬಿಡಿಸಿ ನೋಡಲು ವೈನ್‌ಬರ್ಗ್‌ಗಿಂತ ಹಿಂದಕ್ಕೆ, 1930ರ ದಶಕದ ವಿಯೆನ್ನಾಕ್ಕೆ ಹೋಗಬೇಕು.

ಅಲ್ಲಿ ಒಟ್ಟೊ ನೊಯ್‌ರಾಟ್, ರುಡಾಲ್ಫ್ ಕಾರ್ನಾಪ್ ಮೊದಲಾದ ಚಿಂತಕರು ‘ಏಕೀಕೃತ ವಿಜ್ಞಾನ’ ಎಂಬ ಚಳವಳಿಯನ್ನೇ ಕಟ್ಟಿದರು. ಅದೇ ಹೊತ್ತಿಗೆ ಪಕ್ಕದ ಜರ್ಮನಿಯಲ್ಲಿ, 1905ರ ನೊಬೆಲ್ ಪಡೆದ ಫಿಲಿಪ್ ಲೆನಾರ್ಡ್ ‘ಜರ್ಮನ್ ಭೌತವಿಜ್ಞಾನ’ ಎಂಬ ಹೆಸರಿನ ಸಂಪುಟಗಳನ್ನು ಬರೆಯುತ್ತಿದ್ದರು. ವಿಜ್ಞಾನವೂ ಜನಾಂಗದ ರಕ್ತದಿಂದಲೇ ಹುಟ್ಟುತ್ತದೆ, ಐನ್‌ಸ್ಟೈನರದ್ದು ಯೆಹೂದಿ ಭೌತವಿಜ್ಞಾನ ಎಂಬುದು ಅವರ ವಾದ. ಇಂಥ ಕಾಲದಲ್ಲಿ ವಿಜ್ಞಾನ ಒಂದೇ ಎನ್ನುವುದಕ್ಕೆ ಎದೆಗಾರಿಕೆ ಬೇಕಿತ್ತು. ಯಾವ ಕುಲದವನೇ ಇರಲಿ, ಎಲ್ಲರೂ ಪರೀಕ್ಷಿಸಬಹುದಾದ, ಎಲ್ಲರಿಗೂ ತಿಳಿಯುವ ಒಂದು ಸಾಮಾನ್ಯ ಭಾಷೆ ವಿಜ್ಞಾನಕ್ಕಿರಬೇಕು ಎನ್ನುವುದು ಆ ಏಕತೆಯ ಅರ್ಥವಾಗಿತ್ತು. ನೊಯ್‌ರಾಟ್ 1934ರಲ್ಲಿ ಆಸ್ಟ್ರಿಯಾ ಬಿಟ್ಟರು. 1940ರಲ್ಲಿ ನಾಜಿಗಳು ಹಾಲೆಂಡಿಗೆ ನುಗ್ಗಿದಾಗ ಕಿಕ್ಕಿರಿದ ದೋಣಿಯೊಂದನ್ನು ಹತ್ತಿ ಇಂಗ್ಲೆಂಡ್ ಸೇರಿದರು.

ನೊಯ್‌ರಾಟ್ ಬಯಸಿದ ಏಕತೆ ಪಿರಮಿಡ್ ಅಲ್ಲ, ವಿಶ್ವಕೋಶ. ಕಾಡ್ಗಿಚ್ಚು ಹೇಗೆ ಹಬ್ಬುತ್ತದೆಂದು ಮೊದಲೇ ಹೇಳಬೇಕಾದರೆ ಗಾಳಿಯ ಶಾಸ್ತ್ರ, ಮರದ ಶಾಸ್ತ್ರ, ಬೆಂಕಿ ಕಂಡಾಗ ಜನ ಏನು ಮಾಡುತ್ತಾರೆಂಬ ಸಮಾಜಶಾಸ್ತ್ರ ಮೂರೂ ಒಟ್ಟಿಗೆ ಬೇಕು ಎಂಬುದು ಅವರ ಉದಾಹರಣೆ. 1958ರಲ್ಲಿ ಪಾಲ್ ಒಪ್ಪೆನ್‌ಹೈಮ್ ಮತ್ತು ಹಿಲರಿ ಪಟ್ನಮ್ ಬರೆದ ಪ್ರಬಂಧದಲ್ಲಿ ಏಕತೆ ಏಣಿಯ ರೂಪ ತಾಳಿತು. ಸಮಾಜ, ಬಹುಕೋಶ ಜೀವಿ, ಜೀವಕೋಶ, ಅಣು, ಪರಮಾಣು, ಮೂಲಕಣ ಎಂಬ ಆರು ಮೆಟ್ಟಿಲು. ಒಂದೊಂದನ್ನೂ ಅದರ ಕೆಳಗಿನದಕ್ಕೆ ಇಳಿಸುತ್ತ ಹೋಗಬೇಕು. ಅವರು ಅದನ್ನು ಕೆಲಸಕ್ಕೆ ಬೇಕಾದ ಒಂದು ಊಹೆ ಎಂದಷ್ಟೇ ಮಂಡಿಸಿದ್ದರು, ಪಟ್ನಮ್ ಆಮೇಲೆ ಅದನ್ನು ಕೈಬಿಟ್ಟರು. ಒಟ್ಟಿನಲ್ಲಿ ಮೊದಲನೆಯದು ಯಾರನ್ನೂ ಹೊರಗಿಡದ ಏಕತೆ. ಎರಡನೆಯದು ಒಬ್ಬರನ್ನು ಬುಡದಲ್ಲಿ ಕೂರಿಸಿ ಉಳಿದವರನ್ನು ಅವರ ಬಾಕಿದಾರರನ್ನಾಗಿ ಮಾಡುವ ಏಕತೆ. ವೈನ್‌ಬರ್ಗ್ ಪುಸ್ತಕ ಮೊದಲನೆಯದರ ಗೌರವವನ್ನು ಎರಡನೆಯದಕ್ಕೆ ಕೊಡಿಸುತ್ತದೆ ಎನ್ನುವುದು ನನ್ನ ಆಕ್ಷೇಪ.

ಈ ಆಕ್ಷೇಪವನ್ನು ವಿಜ್ಞಾನದ ಒಳಗಿನಿಂದಲೇ ಎತ್ತಿದವರು ಫಿಲಿಪ್ ಆಂಡರ್ಸನ್. ಘನವಸ್ತುಗಳ ಭೌತವಿಜ್ಞಾನಕ್ಕಾಗಿ 1977ರ ನೊಬೆಲ್ ಪಡೆದ ಇವರು 1972ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ‘ಮೋರ್ ಈಸ್ ಡಿಫರೆಂಟ್’ ಎಂಬ ಕೆಲವೇ ಪುಟಗಳ ಲೇಖನ ಬರೆದರು. ವೈನ್‌ಬರ್ಗ್ ಪುಸ್ತಕದ ಜೊತೆಗೆ ಇದನ್ನು ಓದಲೇಬೇಕು. ಎಲ್ಲವೂ ಮೂಲನಿಯಮಗಳಿಗೆ ಬದ್ಧ ಎಂಬುದನ್ನು ಆಂಡರ್ಸನ್ ಒಪ್ಪುತ್ತಾರೆ. ಆದರೆ ಕೆಳಕ್ಕೆ ಇಳಿಯಲು ಬರುತ್ತದೆ ಎಂದ ಮಾತ್ರಕ್ಕೆ ಅದೇ ದಾರಿಯಲ್ಲಿ ಮೇಲಕ್ಕೆ ಹತ್ತಿ ಜಗತ್ತನ್ನು ಕಟ್ಟಲು ಬರುವುದಿಲ್ಲ ಎನ್ನುತ್ತಾರೆ. ಕಣಗಳು ಕೋಟಿಗಟ್ಟಲೆ ಸೇರಿದಾಗ ಪ್ರತಿ ಮಟ್ಟದಲ್ಲೂ ಹೊಸ ನಿಯಮಗಳು ತಲೆ ಎತ್ತುತ್ತವೆ. ಅವುಗಳನ್ನು ಕಂಡುಹಿಡಿಯಲು ಬೇಕಾದ ಪ್ರತಿಭೆ ಮೂಲಕಣಗಳ ಶಾಸ್ತ್ರಕ್ಕೆ ಬೇಕಾದ ಪ್ರತಿಭೆಗಿಂತ ಕಡಿಮೆಯದಲ್ಲ.

ಇಲ್ಲೊಂದು ಸ್ವಾರಸ್ಯವಿದೆ. 1963ರಲ್ಲಿ ಇದೇ ಆಂಡರ್ಸನ್ ಸೂಪರ್‌ಕಂಡಕ್ಟರುಗಳನ್ನು ಅಧ್ಯಯನ ಮಾಡುತ್ತ ಮಂಡಿಸಿದ ವಿಚಾರವೊಂದು ಮರುವರ್ಷ ಪೀಟರ್ ಹಿಗ್ಸ್ ಮತ್ತಿತರರ ಕೈಯಲ್ಲಿ ಮೂಲಕಣಗಳ ಲೋಕಕ್ಕೆ ಹೋಯಿತು. ಅದನ್ನೇ ಬಳಸಿ 1967ರಲ್ಲಿ ವೈನ್‌ಬರ್ಗ್ ತಮ್ಮ ಸಿದ್ಧಾಂತ ಕಟ್ಟಿದರು. ವಿವರಣೆಯ ಬಾಣಗಳು ಬೇರಿಗೆ ಹೋಗುತ್ತಿರಬಹುದು, ಆದರೆ ಬೇರಿನವರು ಪಾಠ ಕಲಿತದ್ದು ಕೊಂಬೆಯವರಿಂದ!

ಜಗಳ ಕಾಗದದ ಮೇಲೆ ಮಾತ್ರ ಇರಲಿಲ್ಲ. ವೈನ್‌ಬರ್ಗ್ ಈ ಪುಸ್ತಕ ಬರೆದದ್ದೇ ಅಮೆರಿಕದ ಟೆಕ್ಸಾಸ್‌ನಲ್ಲಿ 87 ಕಿಲೋಮೀಟರ್ ಸುತ್ತಳತೆಯ ಸುರಂಗದೊಳಗೆ ಕಣಗಳನ್ನು ಡಿಕ್ಕಿ ಹೊಡೆಸುವ ಒಂದು ಭಾರಿ ಯಂತ್ರದ ಪರವಾಗಿ. ಆಂಡರ್ಸನ್ ಅದರ ವಿರುದ್ಧ ಅಮೆರಿಕದ ಸಂಸತ್ತಿನ ಮುಂದೆಯೇ ಹೇಳಿಕೆ ಕೊಟ್ಟರು. ಸುಮಾರು 200 ಕೋಟಿ ಡಾಲರ್ ಖರ್ಚಾದ ಮೇಲೆ 1993ರಲ್ಲಿ ಯೋಜನೆ ರದ್ದಾಯಿತು. ‘ಯಾವುದು ಮೂಲ’ ಎಂಬ ಪ್ರಶ್ನೆಯ ಬೆನ್ನಿಗೇ ‘ಹಣ ಯಾರಿಗೆ’ ಎಂಬ ಪ್ರಶ್ನೆಯೂ ಇರುತ್ತದೆ.

ಇನ್ನು ನಮ್ಮ ಮನೆಯೊಳಗಿನ ಮಾತು. ವೈನ್‌ಬರ್ಗ್ ಜೊತೆ 1979ರ ನೊಬೆಲ್ ಹಂಚಿಕೊಂಡವರು ಶೆಲ್ಡನ್ ಗ್ಲಾಶೋ ಮತ್ತು ಅಬ್ದುಸ್ಸಲಾಂ. ವಿದ್ಯುತ್‌ಕಾಂತ ಬಲ ಮತ್ತು ದುರ್ಬಲ ಬಲಗಳು ಒಂದೇ ಬಲದ ಎರಡು ಮುಖಗಳೆಂದು ತೋರಿಸಿದ್ದು ಇವರ ಸಾಧನೆ. ವೈನ್‌ಬರ್ಗ್ ಬಹಿರಂಗ ನಾಸ್ತಿಕ, ಸಲಾಂ ಆಳವಾದ ಆಸ್ತಿಕ. ಇಬ್ಬರೂ ದೂರ ದೂರ ಕೂತು ಒಂದೇ ಸಿದ್ಧಾಂತಕ್ಕೆ ಬಂದರು. ನಂಬಿಕೆಯ ಈ ಅಂತರ ಅವರ ಕೆಲಸದಲ್ಲಿ ವ್ಯತ್ಯಾಸ ಮಾಡಲಿಲ್ಲ ಎಂದು ಪರ್ವೇಜ್ ಹೂದ್‌ಭಾಯ್ ತಮ್ಮ ‘ಇಸ್ಲಾಂ ಅಂಡ್ ಸೈನ್ಸ್’ (1991) ಪುಸ್ತಕದಲ್ಲಿ ಬರೆದರು. ಅದಕ್ಕೆ ಮುನ್ನುಡಿ ಬರೆದ ಸಲಾಂ ಅದು ನಿಜವೆಂದು ಒಪ್ಪಿದರು. ಏಕತೆಯ ಕಡೆಗೆ ತನ್ನ ಮನಸ್ಸು ವಾಲಿದ್ದರೆ ಅದಕ್ಕೆ ಮುಸ್ಲಿಂ ಹಿನ್ನೆಲೆ ಅರಿವಿಲ್ಲದೆ ಕಾರಣವಾಗಿರಬಹುದು ಎಂದೂ ಸೇರಿಸಿದರು. ಎಷ್ಟು ತೂಕದ ಮಾತು! ಪ್ರೇರಣೆ ನಂಬಿಕೆಯಿಂದ ಬರಬಹುದು, ಪುರಾವೆ ಪ್ರಯೋಗಶಾಲೆಯಿಂದಲೇ ಬರಬೇಕು. ಅದು ಬಂದದ್ದು 1983ರಲ್ಲಿ, ಜಿನೀವಾದ ಸೆರ್ನ್ ಪ್ರಯೋಗಶಾಲೆಯಲ್ಲಿ.

ಆದರೆ ಸಲಾಂ ಸಿದ್ಧಾಂತವೇ ತೌಹೀದ್‌ಗೆ ವೈಜ್ಞಾನಿಕ ಪುರಾವೆ ಎಂದು ಭಾಷಣ ಮಾಡುವವರು ನಮ್ಮಲ್ಲಿದ್ದಾರೆ. ಕ್ವಾಂಟಂ ಸಿದ್ಧಾಂತವೇ ಅದ್ವೈತ ಎನ್ನುವವರು ಅತ್ತ ಕಡೆ ಇದ್ದಾರೆ. ಇಬ್ಬರಿಗೂ ಕೋಲಾರದ ಒಂದು ಕತೆ ನೆನಪಿಸಬೇಕು. 1970ರ ದಶಕದಲ್ಲಿ ಒಡಿಶಾ ಮೂಲದ ಜೋಗೇಶ್ ಪತಿ ಮತ್ತು ಸಲಾಂ ಇನ್ನೂ ದೊಡ್ಡ ಏಕೀಕರಣವನ್ನು ಮಂಡಿಸಿದರು. ಅದು ನಿಜವಾದರೆ ಪ್ರೋಟಾನ್ ಕೂಡ ಎಂದಾದರೊಂದು ದಿನ ಒಡೆಯಬೇಕು. ಅದನ್ನು ಹುಡುಕಲು 1980ರ ದಶಕದಲ್ಲಿ ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಭಾರತ ಮತ್ತು ಜಪಾನಿನ ವಿಜ್ಞಾನಿಗಳು ಉಪಕರಣಗಳನ್ನಿಟ್ಟು ಕಾದರು. ಪ್ರೋಟಾನ್ ಒಡೆದಿರಬಹುದೆಂಬ ಕೆಲವು ಸುಳಿವುಗಳು ಸಿಕ್ಕವೆಂದು ವರದಿಯೂ ಆಯಿತು. ಬೇರೆ ಕಡೆಯ ಪ್ರಯೋಗಗಳು ಅದನ್ನು ದೃಢಪಡಿಸಲಿಲ್ಲ. ಇಂದಿನವರೆಗೂ ಒಂದು ಪ್ರೋಟಾನ್ ಒಡೆದದ್ದನ್ನು ಖಚಿತವಾಗಿ ಯಾರೂ ಕಂಡಿಲ್ಲ. ತೌಹೀದನ್ನು ಈ ಏಕೀಕರಣಕ್ಕೆ ಕಟ್ಟಿಹಾಕಿದವರು ಈಗ ಪ್ರೋಟಾನಿನ ಸಾವಿಗಾಗಿ ಕಾಯುತ್ತ ಕೂರಬೇಕೇ? ಧರ್ಮವನ್ನು ವಿಜ್ಞಾನಕ್ಕೆ ಇಳಿಸುವುದೂ ಒಂದು ‘ಅಷ್ಟೇ’. ಅದರಿಂದ ಎರಡಕ್ಕೂ ನಷ್ಟ.

ಅದೇ ಗಣಿ ಇನ್ನೊಂದು ಪಾಠವನ್ನೂ ಹೇಳುತ್ತದೆ. 2001ರಲ್ಲಿ ಮುಚ್ಚಿದ ಆ ಗಣಿಯಲ್ಲಿ ತಲೆಮಾರುಗಳ ಕಾಲ ದುಡಿದವರನ್ನು ಸಿಲಿಕೋಸಿಸ್ ಕಾಡಿತು. ಈ ರೋಗಕ್ಕೆ ಕಾರಣವೇನು? ಕಲ್ಲು ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದೊಳಗೆ ಹೋಗಿ ಕೂರುತ್ತದೆ, ಅಲ್ಲಿನ ಅಂಗಾಂಶ ಗಾಯಗೊಂಡು ಗಟ್ಟಿಯಾಗುತ್ತದೆ. ಈ ವಿವರಣೆ ನೂರಕ್ಕೆ ನೂರು ಸರಿ, ಇಲ್ಲದಿದ್ದರೆ ರೋಗವನ್ನು ಗುರುತಿಸುವುದೇ ಆಗುತ್ತಿರಲಿಲ್ಲ. ಆದರೆ ‘ಸಿಲಿಕಾ ಧೂಳು, ಅಷ್ಟೇ’ ಎಂದು ನಿಲ್ಲಿಸಿದರೆ? ಕೊರೆಯುವಾಗ ನೀರು ಹಾಯಿಸಿ ಧೂಳು ಅಡಗಿಸಿದ್ದರೇ, ಗಾಳಿ ಆಡುವ ವ್ಯವಸ್ಥೆ ಇತ್ತೇ, ಪಾಳಿ ಎಷ್ಟು ಗಂಟೆಯದ್ದು, ಕೆಮ್ಮಿದವನಿಗೆ ರಜೆ ಸಿಗುತ್ತಿತ್ತೇ ಎಂಬ ಪ್ರಶ್ನೆಗಳೆಲ್ಲ ಮಾಯವಾಗುತ್ತವೆ. ಧೂಳಿಗೆ ಯಾರೂ ಪರಿಹಾರದ ಅರ್ಜಿ ಹಾಕುವುದಿಲ್ಲ. ನೊಯ್‌ರಾಟ್‌ನ ಕಾಡ್ಗಿಚ್ಚಿನಂತೆ ಈ ಕೆಮ್ಮಿಗೂ ಹಲವು ಶಾಸ್ತ್ರಗಳು ಒಟ್ಟಿಗೆ ಬೇಕು, ರಸಾಯನವೂ ಬೇಕು, ಕೂಲಿಯ ಲೆಕ್ಕವೂ ಬೇಕು. ಯಾರಾದರೂ ‘ಅಷ್ಟೇ’ ಎಂದಾಗ ಅದರಿಂದ ಯಾರಿಗೆ ಲಾಭವಾಯಿತು ಎಂದು ಕೇಳುವ ಅಭ್ಯಾಸವನ್ನು ನಾವು ಬೆಳೆಸಿಕೊಳ್ಳಬೇಕು.

ಸಲಾಂ ಅವರಿಗೇ ಆದದ್ದನ್ನು ನೋಡಿ. ಅಹ್ಮದಿಯರು ಮುಸ್ಲಿಮರಲ್ಲ ಎಂದು 1974ರಲ್ಲಿ ಪಾಕಿಸ್ತಾನ ಸಂವಿಧಾನವನ್ನೇ ತಿದ್ದಿತು. 1996ರಲ್ಲಿ ತೀರಿಕೊಂಡ ಸಲಾಂ ಅವರ ರಬ್ವಾದಲ್ಲಿನ ಗೋರಿಕಲ್ಲಿನ ಮೇಲೆ ‘ಮೊದಲ ಮುಸ್ಲಿಂ ನೊಬೆಲ್ ಪುರಸ್ಕೃತ’ ಎಂದಿದ್ದುದರಲ್ಲಿ ‘ಮುಸ್ಲಿಂ’ ಪದವನ್ನು ಅಧಿಕಾರಿಗಳು ಅಳಿಸಿಹಾಕಿದರು. ಅಕೀದಾದ ವಿಷಯದಲ್ಲಿ ನಮ್ಮ ಓದುಗರ ಅಭಿಪ್ರಾಯ ಏನೇ ಇರಲಿ, ಪ್ರಕೃತಿಯ ಎರಡು ಬಲಗಳನ್ನು ಒಂದುಗೂಡಿಸಿದ, ಬಡ ದೇಶಗಳ ವಿಜ್ಞಾನಿಗಳಿಗಾಗಿ 1964ರಲ್ಲಿ ಟ್ರಿಯೆಸ್ಟ್‌ನಲ್ಲಿ ಸಂಶೋಧನಾ ಕೇಂದ್ರ ಕಟ್ಟಿದ ಮನುಷ್ಯನನ್ನು ಒಂದು ಸರ್ಕಾರಿ ಪಟ್ಟಿಗೆ ಇಳಿಸಿ ‘ಅಷ್ಟೇ’ ಎನ್ನುವುದು ಹೇಗೆ ಕಾಣುತ್ತದೆ ಎಂಬುದನ್ನು ಈ ದೇಶದ ಮುಸ್ಲಿಮರಿಗೆ ನಾನು ವಿವರಿಸಬೇಕಾಗಿಲ್ಲ. ಬಾಡಿಗೆ ಮನೆ ಹುಡುಕುವಾಗ ಹೆಸರೊಂದನ್ನೇ ಕೇಳಿ ಬಾಗಿಲು ಹಾಕಿಸಿಕೊಂಡವರಿಗೆ ಆ ಪದದ ಭಾರ ಗೊತ್ತು.

ವೈನ್‌ಬರ್ಗ್ ಪುಸ್ತಕವನ್ನು ಓದಬೇಡಿ ಎಂದು ಹೇಳಲು ಇಷ್ಟೆಲ್ಲ ಬರೆಯಲಿಲ್ಲ. ಓದಿ. ‘ಯಾಕೆ’ ಎಂದು ಕೇಳುತ್ತ ಕೊನೆಯವರೆಗೂ ಹೋಗುವ ಧೈರ್ಯವನ್ನು ಅದು ಕಲಿಸುತ್ತದೆ. ನಮ್ಮ ಸಮಾಜಕ್ಕೆ, ಅದರಲ್ಲೂ ನಮ್ಮ ಸಮುದಾಯದ ಹುಡುಗ ಹುಡುಗಿಯರಿಗೆ, ಆ ಧೈರ್ಯ ಬೇಕು. ಪಕ್ಕದಲ್ಲಿ ಆಂಡರ್ಸನ್ ಲೇಖನವನ್ನೂ ಇಟ್ಟುಕೊಳ್ಳಿ.

ಉಸ್ತಾದರ ಕೈಯಲ್ಲಿದ್ದ ಆ ಸೀಮೆಸುಣ್ಣ ಯಾಕೆ ಬಿಳಿಯಾಗಿತ್ತು ಎಂದು ವೈನ್‌ಬರ್ಗ್ ಈಗ ನನಗೆ ಹೇಳಿಕೊಟ್ಟಿದ್ದಾರೆ, ಅದಕ್ಕೆ ನಾನು ಋಣಿ. ಹಲಗೆಯ ಮೇಲೆ ಅದು ಬರೆದ ಪತ್ರದಲ್ಲಿ ಏನಿತ್ತು, ಯಾರಿಗೆ ಯಾರು ಸಲಾಂ ಹೇಳಿದ್ದರು ಎಂಬುದನ್ನು ತಿಳಿಯಲು ಮಾತ್ರ ನಾನು ಉರ್ದು ಓದಲು ಕಲಿಯಬೇಕಾಯಿತು.